ಕರಿ ಅಂಗಿಯ ಹುಡುಗನೂ ರಾತ್ರಿ ಭಜನೆಯೂ

ನನ್ನ ತಂಗಿ ಸೋಲಾಪುರದಾಗ ಇರ್ತಾಳ. ವಾರಕ್ಕೊಮ್ಮೆ ಫೋನ್ ಮಾಡ್ತಾಳ. ಮಳಿ, ಜ್ವಾಳದ ರೇಟು, ಅವ್ವನ ಮೊಣಕಾಲು ನೋವು ಇವೆಲ್ಲ ಮುಗಿದ ಮ್ಯಾಲ ಇತ್ತೀಚೆಗೆ ಒಂದು ಹೊಸ ಮಾತು ಸೇರಿಕೊಂಡಿತ್ತು. “ಅಣ್ಣಾ, ಈ ಹುಡುಗ ದಿನಾ ರಾತ್ರಿ ಸಾವಿನ ಹಾಡು ಕೇಳಲತ್ತಾನ. ಕರಿ ಅಂಗಿ ಬಿಟ್ಟು ಬ್ಯಾರೆ ಹಾಕ್ಕೊಳ್ಳಂಗಿಲ್ಲ. ಓಣ್ಯಾಗ ಮಂದಿ ಒಂದೊಂದು ಮಾತಾಡ್ತಾರ. ನೀ ಮಾಸ್ತರ ಇದ್ದಿ, ಒಂದೀಟು ತಿಳಿಸಿ ಹೇಳು.”

ಹುಡುಗನಿಗೆ 19 ವರ್ಷ. ಡಿಪ್ಲೊಮಾ ಓದುತ್ತಾನೆ. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ, ಗೆಳೆಯರ ಮನೆಯಲ್ಲಿ ತೆಲುಗು. ಸೋಲಾಪುರದ ಮಕ್ಕಳಿಗೆ ಇದೇನು ದೊಡ್ಡ ಮಾತಲ್ಲ. ಒಂದು ರವಿವಾರ ಅಕ್ಕಲಕೋಟದಿಂದ ಬಸ್ ಹತ್ತಿ ಹೋದೆ. 40 ಕಿಲೋಮೀಟರ್ ದಾರಿ. ಚಹಾ ಕುಡಿದ ಮೇಲೆ ಮಾಳಗಿ ಮೇಲೆ ಹೋಗಿ ಅವನ ಪಕ್ಕ ಕೂತೆ. “ಏನ್ ಕೇಳ್ತಿಯೋ, ನನಗೂ ಕೇಳಸು” ಅಂದೆ. ಅವನು ಒಂದು ಗಳಿಗೆ ನನ್ನ ಮುಖ ನೋಡಿದ. ಆಮೇಲೆ ಕಿವಿಯಾಗಿನ ಒಂದು ತುದಿ ಬಿಚ್ಚಿ ನನ್ನ ಕೈಗೆ ಕೊಟ್ಟ.

ಅದು 1995ರಲ್ಲಿ ಇಂಗ್ಲೆಂಡಿನಲ್ಲಿ ಬಂದ ಆಲ್ಬಮ್. ಹಾಡಿದ ತಂಡದ ಹೆಸರು ಪ್ಯಾರಡೈಸ್ ಲಾಸ್ಟ್. ಇಂಗ್ಲಿಷ್ ಕಲಿಸುವ ಮಾಸ್ತರರಿಗೆ ಈ ಹೆಸರು ಹೊಸದಲ್ಲ. ಕಣ್ಣು ಕಳಕೊಂಡ ಮಿಲ್ಟನ್ ಕವಿ ಬಾಯಿಂದ ಹೇಳಿ ಬರೆಸಿ 1667ರಲ್ಲಿ ಪ್ರಕಟಿಸಿದ ಮಹಾಕಾವ್ಯದ ಹೆಸರೇ ಅದು. ಆಲ್ಬಮ್ಮಿನ ಹೆಸರು ಡ್ರಾಕೋನಿಯನ್ ಟೈಮ್ಸ್. ಕಠೋರ ಕಾಲ ಅಂತ ಅರ್ಥ. ಶುರುವಿಗೆ ಪಿಯಾನೋ ಒಂದೇ ನುಡಿಯುತ್ತದೆ, ಖಾಲಿ ಗುಡಿಯಲ್ಲಿ ಯಾರೋ ಒಬ್ಬರೇ ಕೂತು ಬಾರಿಸಿದ ಹಾಗೆ. ಆಮೇಲೆ ಗಿಟಾರುಗಳು ಬರುತ್ತವೆ. ಒಂದು ಗಿಟಾರು ಕೆಳಗಿನ ದಪ್ಪ ಸ್ವರ ಹಿಡಿದು ನೆಲದಂತೆ ನಿಲ್ಲುತ್ತದೆ. ಇನ್ನೊಂದು ಅದರ ಮೇಲೆ ಒಂಟಿ ಎಳೆಯಾಗಿ ಅಳುತ್ತ ಹೋಗುತ್ತದೆ. ಹಾಡುವವನ ದನಿ ಗಡಸು, ಆದರೆ ಒಳಗೆ ದಣಿವು ಇದೆ. ಮಾತಿನ ಅರ್ಥ ಹುಡುಗನೇ ಬಿಡಿಸಿ ಹೇಳಿದ: ಕೈಗೂಡದ ಬದುಕು, ದೇವರ ಮೇಲಿನ ಸಂಶಯ, ತಿರುಗಿ ಬಾರದ ಕಾಲ.

ಇಂಥ ಹಾಡಿನ ವಂಶಕ್ಕೆ ಗಾಥಿಕ್ ಅಂತಾರೆ. ಗಾಥ್ ಅನ್ನೋರು ಹಿಂದೆ ಯುರೋಪಿನಲ್ಲಿದ್ದ ಒಂದು ಜನ. ಅವರ ಹೆಸರು ಮುಂದೆ ಚೂಪು ಕಮಾನಿನ ಹಳೇ ಚರ್ಚುಗಳ ಕಟ್ಟಡ ಶೈಲಿಗೆ ಅಂಟಿಕೊಂಡಿತು. 1764ರಲ್ಲಿ ಹೊರೇಸ್ ವಾಲ್ಪೋಲ್ ಅನ್ನುವವನು ಹಾಳು ಕೋಟೆ, ದೆವ್ವ, ಶಾಪ ಇರುವ ಒಂದು ಕಾದಂಬರಿ ಬರೆದ; ಅಂಥ ಕಥೆಗಳಿಗೂ ಅದೇ ಹೆಸರಾಯಿತು. ಸಂಗೀತಕ್ಕೆ ಬಂದದ್ದು ಬಹಳ ತಡವಾಗಿ. ಬೌಹೌಸ್ ಅನ್ನುವ ತಂಡ 1979ರಲ್ಲಿ ಒಂಬತ್ತು ನಿಮಿಷಕ್ಕೂ ಉದ್ದದ ಹಾಡೊಂದನ್ನು ಹೊರತಂದಿತು. ಹಳೇ ಡ್ರಾಕುಲಾ ಸಿನೆಮಾದ ನಟ ಬೇಲಾ ಲುಗೋಸಿ ತೀರಿಹೋದದ್ದೇ ಅದರ ವಸ್ತು. ಮರುವರ್ಷ ಲೀಡ್ಸ್ ಪಟ್ಟಣದಲ್ಲಿ ದಿ ಸಿಸ್ಟರ್ಸ್ ಆಫ್ ಮರ್ಸಿ ತಂಡ ಹುಟ್ಟಿತು. ಕಪ್ಪು ಬಟ್ಟೆ, ಆಳದ ದನಿ, ನಿಧಾನದ ನಡೆ ಇವು ಆ ಬಳಗದ ಗುರುತಾದವು. ನಮ್ಮ ಹುಡುಗ ಕೇಳುವ ತಂಡ 1988ರಲ್ಲಿ ಲೀಡ್ಸಿಗೆ ಹತ್ತಿರದ ಹ್ಯಾಲಿಫ್ಯಾಕ್ಸ್ ಊರಿನಲ್ಲಿ ಹುಟ್ಟಿದ್ದು. ಗಾಥಿಕ್ ರಾಕ್ ಅಣ್ಣನಾದರೆ ಇವರದು ಗಾಥಿಕ್ ಮೆಟಲ್, ಇನ್ನೂ ಭಾರದ ತಮ್ಮ.

ಈ ಹ್ಯಾಲಿಫ್ಯಾಕ್ಸಿನ ಮಾತು ಬಂದಾಗ ನನ್ನ ಕಿವಿ ನೆಟ್ಟಗಾದವು. ಅದು ಉಣ್ಣೆಯ ಊರು, ಜಮಖಾನೆ ನೇಯುವ ಊರು. ಅಲ್ಲಿ ಡೀನ್ ಕ್ಲಫ್ ಅನ್ನುವ ಭಾರೀ ಗಿರಣಿ ಇತ್ತು. 1980ರ ದಶಕದ ಆರಂಭದಲ್ಲಿ ಅದು ಬಾಗಿಲು ಹಾಕಿತು. ಈ ತಂಡದ ಹುಡುಗರು ಹದಿಹರೆಯಕ್ಕೆ ಬಂದದ್ದು ಅಂಥ ಕಾಲದಲ್ಲಿ. ಸೋಲಾಪುರದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1877ರಲ್ಲಿ ಶುರುವಾದ ಜುನಿ ಗಿರಣಿಯ ಭೋಂಗಾ ಕೇಳಿ ಎದ್ದು, ಭೋಂಗಾ ಕೇಳಿ ಉಂಡ ಊರು ಅದು. ಗಿರಣಿ ನಿಂತವು, ಚಾದರು ಟಾವೆಲು ನೇಯುವ ಪವರ್‌ಲೂಮ್ ಉಳಿದವು. ಕೆಲಸ ಹೋದ ಊರಿನ ಸಂಜೆ ಹೆಂಗಿರ್ತದ ಅಂತ ನನ್ನ ಭಾವನ ಅಪ್ಪ ಹೇಳ್ತಿದ್ದರು: “ಸಪ್ಪಳ ಇದ್ದಾಗ ಬೈತಿದ್ವಿ. ಸಪ್ಪಳ ನಿಂತ ಮ್ಯಾಲ ನಿದ್ದಿ ಬರಲಿಲ್ಲ.” ಆ ಆಲ್ಬಮ್ಮಿನ ಭಾರದ ಗಿಟಾರಿನಲ್ಲಿ ನನಗೆ ಕೇಳಿಸಿದ್ದು ನಿಂತ ಗಿರಣಿಯ ಸಪ್ಪಳ. ಬರೆದವರ ಮನಸ್ಸಿನಲ್ಲಿ ಏನಿತ್ತೋ ಅದು ಅವರಿಗೆ ಬಿಟ್ಟದ್ದು. ಸೋಲಾಪುರದ ಮಾಳಗಿ ಮೇಲೆ ಕೂತವನಿಗೆ ಹಾಗೆ ಕೇಳಿಸಿತು.

ಊರಿಗೆ ಬಂದು ನಮ್ಮ ಭಜನಾ ಮ್ಯಾಳದ ಪೇಟಿ ಮಾಸ್ತರರಿಗೆ ಅದರ ಒಂದು ಹಾಡು ಕೇಳಿಸಿದೆ. ಮೊದಲು ಮುಖ ಕಿವುಚಿದರು. ಡೋಲಿನ ಸಪ್ಪಳಕ್ಕೆ “ಇದೇನ್ರಿ, ಪತ್ರಾಸಿನ ಮ್ಯಾಲ ಆಣೆಕಲ್ಲು ಬಿದ್ದಂಗ” ಅಂದರು. ಆಮೇಲೆ ಆ ಅಳುವ ಗಿಟಾರು ಬಂದಾಗ ಸುಮ್ಮನಾದರು. ಹಾರ್ಮೋನಿಯಂ ಮೇಲೆ ಬೆರಳಿಟ್ಟು ಹುಡುಕಿದರು. ಗಂಧಾರ ಕೋಮಲ, ಧೈವತ ಕೋಮಲ, ನಿಷಾದವೂ ಕೋಮಲ. “ಇದು ನಮ್ಮ ಆಸಾವರಿ ಥಾಟಿನ ಸ್ವರ ಆದ್ವಲ್ರೀ” ಅಂದರು. ಶುದ್ಧ ಗಂಧಾರ ಹಿಡಿದರೆ ಹಾಡು ಬೆಳಕಿಗೆ ಮುಖ ಮಾಡುತ್ತದೆ, ಅರ್ಧ ಸ್ವರ ಇಳಿಸಿ ಕೋಮಲ ಮಾಡಿದರೆ ಅದೇ ಹಾಡು ತಲೆ ತಗ್ಗಿಸುತ್ತದೆ. ಇಂಗ್ಲಿಷರು ಇದಕ್ಕೆ ಮೈನರ್ ಅನ್ನುತ್ತಾರೆ. ಪೇಟಿಯ ಮೇಲೆ ಎರಡೂ ಹತ್ತಿಹತ್ತಿದ ಮನೆ.

ಹಾಗಾದರೆ ತಲೆ ತಗ್ಗಿಸಿದ ಹಾಡನ್ನು ಜನ ಯಾಕೆ ಬಯಸಿ ಬಯಸಿ ಕೇಳುತ್ತಾರೆ? ಈ ಪ್ರಶ್ನೆಯನ್ನು ಹ್ಯಾಲಿಫ್ಯಾಕ್ಸಿನವರನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ರಿವಾಯತ್ ಪದ ಹಾಡುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದ ಮರಳಲ್ಲಿ ನೀರಿಲ್ಲದೆ ಬಿದ್ದವರ ಕಥೆಯನ್ನು ಲಿಂಗಾಯತರ ಹುಡುಗರು, ಕುರುಬರ ಹುಡುಗರು, ಮುಸಲ್ಮಾನರ ಹುಡುಗರು ಕೂಡಿ ಕನ್ನಡದಲ್ಲೇ ಹಾಡಿ ಹೆಜ್ಜೆ ಹಾಕುತ್ತಾರೆ. ಕೇಳುವ ಮುದುಕಿಯರು ಸೆರಗಿನಿಂದ ಕಣ್ಣೊರೆಸಿಕೊಂಡು, ಮನೆಗೆ ಹೋಗಿ ಚೊಂಗೆ ತಿನ್ನುತ್ತಾರೆ. ಯಾರೂ ಅವರಿಗೆ ಹುಚ್ಚು ಅನ್ನಲಿಲ್ಲ.

ಶಿಶುನಾಳ ಶರೀಫರ ಪದಗಳನ್ನು ತಗೊಳ್ಳಿ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನೆಮಾ ಬಂತು. ಸಿ. ಅಶ್ವತ್ಥರ ಸಂಗೀತದ ಆ ಕ್ಯಾಸೆಟ್ಟು ಗಡಿ ದಾಟಿ ನಮ್ಮ ಊರುಗಳಿಗೂ ಬಂತು. ಟೇಪ್ ಸಿಕ್ಕಿಬಿದ್ದರೆ ಪೆನ್ಸಿಲ್ ಹಾಕಿ ತಿರುವಿ ಮತ್ತೆ ಕೇಳಿದೆವು. ಅವುಗಳಲ್ಲಿ ಏನಿದೆ? ಸೋರುವ ಮನೆಯಂಥ ದೇಹ, ಬಿಟ್ಟುಹೋಗುವ ಸಂಸಾರ, ಹೊತ್ತುಕೊಂಡು ಹೋಗುವ ನಾಲ್ಕು ಮಂದಿ. ಕಡಕೋಳ ಮಡಿವಾಳಪ್ಪನವರ ತತ್ವಪದದಲ್ಲೂ ಅದೇ. ಅದೂ 90ರ ದಶಕ, ಇದೂ 90ರ ದಶಕ. ನಾವು ಸಾವಿನ ಹಾಡು ಕೇಳುತ್ತಲೇ ಮದುವಿ ಮಾಡಿಕೊಂಡೆವು, ಬಿತ್ತಿದೆವು, ಮಕ್ಕಳನ್ನು ಶಾಲೆಗೆ ಕಳಿಸಿದೆವು.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಆ ರಾತ್ರಿ ಭಜನೆ ನಡೆಯುತ್ತದೆ. ಏಕತಾರಿ, ತಾಳ, ದಮ್ಮಡಿ, ಪೇಟಿ ಹಿಡಿದುಕೊಂಡು ಮ್ಯಾಳದವರು ಕರೆಯದೇ ಬರುತ್ತಾರೆ. ಬೆಳಗಿನ ತನಕ ಪದ ಹಾಡುತ್ತಾರೆ. ಅವರು “ಅಳಬ್ಯಾಡ, ಎಲ್ಲಾ ಸರಿ ಆಗ್ತದ” ಅಂತ ಅವಸರ ಮಾಡುವುದಿಲ್ಲ. ದೇಹ ಹೋಗುವಂಥದ್ದು, ಹೋಯಿತು, ಅಂತ ಹಾಡುತ್ತಾರೆ. ಅತ್ತವರು ಅಳುತ್ತಾರೆ, ದಣಿದವರು ಗ್ವಾಡಿಗೆ ಒರಗುತ್ತಾರೆ, ನಡುರಾತ್ರಿ ಒಬ್ಬರು ಚಹಾ ಕಾಸುತ್ತಾರೆ. ಬೆಳಗಾಗುವುದರೊಳಗೆ ಆ ಮನೆಯ ದುಃಖ ಸ್ವಲ್ಪ ಸ್ವಲ್ಪ ಎಲ್ಲರ ಹೆಗಲಿಗೂ ಹಂಚಿಕೆಯಾಗಿರುತ್ತದೆ.

ನನ್ನ ಭಾವನಿಗೆ ಅದು ಸಿಗಲಿಲ್ಲ. ಪವರ್‌ಲೂಮಿನ ಕೆಲಸದವ. 2021ರಲ್ಲಿ ಕೊರೊನಾದ ಎರಡನೇ ಅಲೆಯಲ್ಲಿ ದವಾಖಾನೆಗೆ ಹೋದವನು ಮನೆಗೆ ಬರಲಿಲ್ಲ. ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದನ್ನು ದೂರದಿಂದ ತೋರಿಸಿದರು. ಏಕತಾರಿ ಇಲ್ಲ, ತಾಳ ಇಲ್ಲ, ಮುಟ್ಟುವವರಿಲ್ಲ. ನಮ್ಮ ಊರಿನಿಂದ ಮ್ಯಾಳದವರು ಹೊರಡಲಿಕ್ಕೆ ತಯಾರಿದ್ದರು, ಆದರೆ ದಾರಿ ಬಂದ್ ಇತ್ತು. ಮನೆಯಲ್ಲಿ ತಂಗಿ ಒಂದು ಕೋಣೆಯಲ್ಲಿ, ಹುಡುಗ ಇನ್ನೊಂದು ಕೋಣೆಯಲ್ಲಿ, ಹದಿನಾಲ್ಕು ದಿವಸ.

ಮಾಳಗಿ ಮೇಲೆ ಕೂತಿದ್ದಾಗ ಹುಡುಗ ನನಗೆ ಹೇಳಿದ್ದು ಇಷ್ಟೇ: “ಮಾಮಾ, ಅಪ್ಪ ಹೋದ ಮ್ಯಾಲ ಎಲ್ಲರೂ ಧೈರ್ಯ ತಗೋ ಅಂದ್ರು. ಅಭ್ಯಾಸ ಮಾಡು ಅಂದ್ರು. ಈ ಹಾಡು ಏನೂ ಮಾಡು ಅನ್ನಂಗಿಲ್ಲ. ನನ್ನ ಜೋಡಿ ಸುಮ್ನ ಕುಂದರ್ತದ.”

ನನಗೆ ಮತ್ತೇನೂ ಕೇಳುವುದು ಉಳಿಯಲಿಲ್ಲ. ಅವನಿಗೆ ತಪ್ಪಿಹೋದ ಆ ರಾತ್ರಿ ಭಜನೆಯನ್ನು ಹ್ಯಾಲಿಫ್ಯಾಕ್ಸಿನ ಐದು ಮಂದಿ ದಿನಾ ರಾತ್ರಿ ಸ್ವಲ್ಪ ಸ್ವಲ್ಪ ನಡೆಸಿಕೊಡುತ್ತಿದ್ದರು. ಈ ಹಾಡಿನ ಅಭಿಮಾನಿಗಳಿಗೆ ಇದೇ ಬೇಕಾದದ್ದು ಅಂತ ನನ್ನ ತಿಳುವಳಿಕೆ. ಸಾವಿನ ಮೇಲಿನ ಪ್ರೀತಿ ಅಲ್ಲ ಅದು. ದುಃಖವನ್ನು ಹೊರಗೆ ದಬ್ಬದೆ, ಕೂಡು ಅಂತ ಚಾಪಿ ಹಾಸುವ ಹಾಡು ಅವರಿಗೆ ಬೇಕು. ಇನ್ನೊಂದು, ಅದೇ ಹಾಡನ್ನು ಎಲ್ಲೋ ಇನ್ನೊಬ್ಬನೂ ಕೇಳುತ್ತಿದ್ದಾನೆ ಅನ್ನುವ ಧೈರ್ಯ.

ಆ ಇನ್ನೊಬ್ಬರು ಬಹಳ ಮಂದಿ ಇದ್ದಾರೆ. ಜರ್ಮನಿಯ ಲೈಪ್‌ಜಿಗ್ ನಗರದಲ್ಲಿ 1992ರಿಂದ ಇವರ ಜಾತ್ರೆಯೇ ನಡೆಯುತ್ತದೆ. ಸುಮಾರು 20,000 ಮಂದಿ ಸೇರುತ್ತಾರೆ. ಕಪ್ಪು ಉಡುಪು ತೊಟ್ಟುಕೊಂಡು, ಕೂಸುಗಳನ್ನು ಕರಕೊಂಡು, ಉದ್ಯಾನದಲ್ಲಿ ಹಾಸಿಕೊಂಡು ಕೂತು ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಚಿತ್ರ ನೋಡಿದ ತಂಗಿ, “ಇವ್ರು ನಮ್ಮ ಗಡ್ಡಾ ಜಾತ್ರಿಗಿ ಬಂದಂಗ ಬಂದಾರಲ್ಲ” ಅಂತ ನಕ್ಕಳು. ಸಿದ್ಧರಾಮೇಶ್ವರರ ನಂದಿಕೋಲಿನ ಜಾತ್ರೆಗೆ ನಾವು ಬಿಳಿ ಉಡುತ್ತೇವೆ, ಅವರು ಕರಿ ಉಡುತ್ತಾರೆ.

ಹಾಗಂತ ಆ ಬಟ್ಟೆಗೆ ಬೆಲೆ ತೆರದೇ ಇಲ್ಲ. 2007ರಲ್ಲಿ ಇಂಗ್ಲೆಂಡಿನಲ್ಲಿ ಸೋಫಿ ಲ್ಯಾಂಕಾಸ್ಟರ್ ಅನ್ನುವ 20 ವರ್ಷದ ಹುಡುಗಿಯನ್ನು, ಅವಳ ವೇಷ ಬ್ಯಾರೆ ಇದೆ ಅನ್ನುವ ಒಂದೇ ಕಾರಣಕ್ಕೆ, ಹುಡುಗರ ಗುಂಪೊಂದು ಉದ್ಯಾನದಲ್ಲಿ ಹೊಡೆದು ಕೊಂದಿತು. 2013ರಲ್ಲಿ ಗ್ರೇಟರ್ ಮ್ಯಾಂಚೆಸ್ಟರ್ ಪೊಲೀಸರು ಇಂಥ ವೇಷದವರ ಮೇಲಿನ ಹಲ್ಲೆಯನ್ನು ದ್ವೇಷದ ಅಪರಾಧ ಅಂತ ದಾಖಲಿಸಲು ಶುರು ಮಾಡಿದರು. ಸಾವಿನ ಹಾಡು ಕೇಳಿದವಳು ಯಾರಿಗೂ ಏನೂ ಮಾಡಿರಲಿಲ್ಲ. ಓಣಿಯವರ ಮಾತಿಗೆ ಅಂಜಿದ್ದ ತಂಗಿಗೆ ನಾನು ಇದನ್ನೂ ಹೇಳಿದೆ. ಹುಡುಗನ ಅಂಗಿ ಬದಲಿಸುವುದಕ್ಕಿಂತ, ಓಣಿಯ ನಾಲ್ಕು ಮಂದಿಗೆ “ನನ್ನ ಮಗಗ ಆ ಹಾಡು ಇಷ್ಟ” ಅಂತ ನೆಟ್ಟಗೆ ಹೇಳಿಬಿಡುವುದು ಸಸಾರ ಅಂದೆ. ಹೇಳಿದಳು. ಮಾತು ತಾನೇ ಕಡಿಮೆ ಆಯಿತು.

ಇದನ್ನು ಓದುವ ಶಾಲೆ ಮಾಸ್ತರರಿಗೆ, ಬಾಯಿಗಳಿಗೆ ಒಂದು ಮಾತು. ಕತ್ತಲೆಯ ಹಾಡು ಕೇಳುವ ಮಗು ಉಣ್ಣುತ್ತದೆ, ಗೆಳೆಯರ ಜೋಡಿ ನಗುತ್ತದೆ, ಕೆಲಸ ಮಾಡುತ್ತದೆ ಅಂದರೆ ಹಾಡಿಗೆ ಬೈಯಬೇಡಿ. ಆದರೆ ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಪ್ರೀತಿಯ ವಸ್ತು ಹಂಚಿಬಿಟ್ಟರೆ, “ನಾ ಇರಬಾರದಿತ್ತು” ಅಂದರೆ, ಅದು ಬ್ಯಾರೆ ಮಾತು. ಆಗ ಮಗುವನ್ನು ಒಂಟಿ ಬಿಡದೆ ಡಾಕ್ಟರರ ಹತ್ತಿರ ಕರಕೊಂಡು ಹೋಗಿ. ಸರ್ಕಾರದ ಟೆಲಿ ಮಾನಸ್ ಅಂತ ಪುಕ್ಕಟೆ ಫೋನ್ ಇದೆ, ನಂಬರು 14416. ಎರಡರ ಭೇದ ತಿಳಿಯಬೇಕಾದರೆ ಮೊದಲು ಆ ಇನ್ನೊಂದು ಕಿವಿತುದಿ ಕೇಳಿ ತಗೊಂಡು, ಪಕ್ಕ ಕೂಡಬೇಕು.

ಹೋದ ಬ್ಯಾಸಿಗಿಯಲ್ಲಿ ಭಾವನ ವರ್ಷದ ದಿವಸ ನಮ್ಮ ಊರಲ್ಲೇ ಭಜನೆ ಇಟ್ಟುಕೊಂಡೆವು. ತಡವಾದರೂ ಆಗಲಿ ಅಂತ ಮ್ಯಾಳದವರು ರಾತ್ರಿ ಒಂಬತ್ತಕ್ಕೆ ಕೂತರು. ಹುಡುಗ ಕರಿ ಅಂಗಿಯಲ್ಲೇ ಬಂದ. ಯಾರೋ ಅವನ ಕೈಗೆ ತಾಳ ಕೊಟ್ಟರು. ಪದ ಪಾಠ ಇರಲಿಲ್ಲ, ಲಯ ಮಾತ್ರ ತಪ್ಪಲಿಲ್ಲ. ಬೆಳಗಿನ ಜಾವ ಪೇಟಿ ಮಾಸ್ತರರು ಭೈರವಿ ಹಿಡಿದಾಗ ಅವನು ಮೊದಲ ಸಲ ಎಲ್ಲರ ಎದುರಿಗೆ ಅತ್ತ, ತಾಳ ನಿಲ್ಲಿಸದೇ.