ನಂದಿ ಬೆಟ್ಟದಲ್ಲಿ ನಿಂತ ಮಾವನೋರ ಫಿಯಟ್ಟು

ಹೋದ ವಾರ ನಮ್ಮ ಸಂಪಿನ ಮೋಟ್ರು ಸುಟ್ಟು ಹೋಯ್ತು. ಬನಶಂಕರಿಲಿ ನಮ್ಮ ಕಡೆ ಕಾವೇರಿ ನೀರು ದಿನ ಬಿಟ್ಟು ದಿನ. ಸಂಪಲ್ಲಿ ನೀರು ತುಂಬಿದೆ, ಮೇಲಿನ ಟ್ಯಾಂಕಿಗೆ ಏರಿಸೋಕೆ ದಿಕ್ಕಿಲ್ಲ. ಪ್ಲಂಬರ್ ಬಂದವನು "ಹಾಫ್ ಹೆಚ್‌ಪಿ ಹಾಕ್ಲಾ ಮೇಡಂ, ಒನ್ ಹೆಚ್‌ಪಿ ಹಾಕ್ಲಾ?" ಅಂದ. ಮೂವತ್ತು ವರ್ಷದಿಂದ ಈ ಮಾತು ಕೇಳ್ತಾನೇ ಇದೀನಿ, ಒಂದು ಹೆಚ್‌ಪಿ ಅಂದ್ರೆ ಎಷ್ಟು ಅಂತ ಒಂದು ದಿನಾನೂ ಕೇಳಿರಲಿಲ್ಲ. ಈ ಸಲ ಕೇಳ್ದೆ. ಅವನು "ಒಂದು ಕುದುರೆ ಮೇಡಂ" ಅಂದ. ಅಷ್ಟೇ. ನನಗೆ ಸಮಾಧಾನ ಆಗಲಿಲ್ಲ. ರಾತ್ರಿ ಮಗಳನ್ನ ಹಿಡಿದು ಕೂರಿಸಿದೆ, ಇಂಜಿನಿಯರಿಂಗ್ ಓದಿಸಿದ್ದು ಇಂಥದ್ದಕ್ಕೇ ತಾನೆ.

ಅವಳು ಹೇಳಿದ್ದು ಹೀಗೆ. ಎಪ್ಪತ್ತೈದು ಕೇಜಿ ಭಾರವನ್ನ ಒಂದು ಸೆಕೆಂಡಲ್ಲಿ ಒಂದು ಮೀಟರ್ ಮೇಲಕ್ಕೆ ಎತ್ತಿದ್ರೆ ಅದು ಒಂದು ಕುದುರೆ ಶಕ್ತಿ. ಜೇಮ್ಸ್ ವ್ಯಾಟ್ ಅನ್ನೋರು ತಮ್ಮ ಉಗಿ ಯಂತ್ರ ಎಷ್ಟು ಕುದುರೆ ಕೆಲಸ ಮಾಡುತ್ತೆ ಅಂತ ಗಿರಾಕಿಗಳಿಗೆ ಹೇಳೋಕೆ ಕಟ್ಟಿದ ಲೆಕ್ಕವಂತೆ. ಅವರ ಕುದುರೆ 746 ವ್ಯಾಟ್, ಕೇಜಿ ಮೀಟರ್ ಲೆಕ್ಕದ ಕುದುರೆ ಒಂಚೂರು ಸಣ್ಣದು, 735 ಚಿಲ್ಲರೆ. ನಮ್ಮ ಮಿಕ್ಸಿ ಬುಡದಲ್ಲಿ 750 ಅಂತ ಬರೆದಿದೆ ನೋಡಿ, ಹೆಚ್ಚು ಕಮ್ಮಿ ಒಂದು ಕುದುರೆ. (ಅದು ಕರೆಂಟು ತಿನ್ನೋ ಲೆಕ್ಕ, ಚಟ್ನಿ ರುಬ್ಬೋ ಲೆಕ್ಕ ಅಲ್ಲ ಅಂತ ಮಗಳು ತಿದ್ದಿದಳು. ಇರಲಿ.)

ಬಿಡ್ತಾಳಾ ಅವಳು! ನನ್ನದೂ ಅಳೆದಳು. ನಾನು 66 ಕೇಜಿ, ಒದ್ದೆ ಬಟ್ಟೆ ಬಕೆಟ್ಟು 9 ಕೇಜಿ, ಸರಿಯಾಗಿ ಎಪ್ಪತ್ತೈದು. ಒಂದು ಅಂತಸ್ತು ಮೂರು ಮೀಟರ್. ಮೂರು ಸೆಕೆಂಡಲ್ಲಿ ಹತ್ತಿದ್ರೆ ನಾನು ಪೂರ್ತಿ ಕುದುರೆ. ಹದಿನೈದು ಸೆಕೆಂಡ್ ಬೇಕಾಯ್ತು, ಕಂಬಿ ಹಿಡ್ಕೊಂಡು. ಅಂದ್ರೆ ಕುದುರೇಲಿ ಐದನೇ ಒಂದು ಭಾಗ. ಮನೆ ಎಲ್ಲಾ ನಕ್ಕಿದ್ದೇ ನಕ್ಕಿದ್ದು.

ನಗ್ತಾ ನಗ್ತಾ ನನಗೆ ಮಾವನೋರ ಫಿಯಟ್ಟು ನೆನಪಾಯ್ತು. ನಗು ಅಲ್ಲಿಗೇ ನಿಂತುಹೋಯ್ತು.

ಗೊತ್ತಿಲ್ಲದೋರಿಗೆ ಹೇಳ್ತೀನಿ. ಮಾವನೋರ ಹತ್ರ 1979ರ ಪ್ರೀಮಿಯರ್ ಪದ್ಮಿನಿ ಇತ್ತು. ಬಾಯಲ್ಲಿ ಎಲ್ಲರೂ ಫಿಯಟ್ ಅಂತಾನೇ ಅನ್ನೋದು. ಗೇರು ಸ್ಟೀರಿಂಗ್ ಪಕ್ಕದಲ್ಲಿ, ಮುಂದಿನ ಸೀಟು ಬೆಂಚಿನ ಥರ ಉದ್ದಕ್ಕೆ, ಮೂರು ಜನ ಆರಾಮಾಗಿ ಕೂರಬಹುದಿತ್ತು. ಭಾನುವಾರ ಬೆಳಿಗ್ಗೆ ಅವರೇ ಬನೀನಲ್ಲಿ ನಿಂತು ತೊಳೆಯೋರು, ಬೇರೆಯವರು ಬಟ್ಟೆ ಮುಟ್ಟಿಸೋ ಹಾಗಿಲ್ಲ. 1996ರಲ್ಲಿ ನಮ್ಮನೆಯವರು ಸಾಲ ಮಾಡಿ ಮಾರುತಿ 800 ತಗೊಂಡ್ರು. ಅವತ್ತಿಂದ ಅಪ್ಪ ಮಗನ ಜಗಳ ಶುರು, ಯಾರ ಕಾರಿಗೆ ಶಕ್ತಿ ಜಾಸ್ತಿ ಅಂತ. ಫಿಯಟ್ಟಿಂದು 1089 ಸಿಸಿ, ಮಾರುತಿದು 796. ಮಾವನೋರು "ನಿಂದು ಮೂರು ಸಿಲಿಂಡರು, ನಂದು ನಾಲ್ಕು, ಅಡುಗೆ ಮನೇಲೂ ಎರಡು ಸಿಲಿಂಡರ್ ಇರುತ್ತೆ ಹೋಗಯ್ಯ" ಅನ್ನೋರು. ಇವರು "ನಿಮ್ಮದು ನಲವತ್ತು ಕುದುರೆ, ನಮ್ಮದು ಮೂವತ್ತೇಳು, ಅಷ್ಟೇ ತಾನೆ ವ್ಯತ್ಯಾಸ" ಅನ್ನೋರು. "ನಲವತ್ತಲ್ಲ, ಅದಕ್ಕಿಂತ ಜಾಸ್ತಿ ಇದೆ" ಅಂತ ಅವರು, "ಸುಳ್ಳು" ಅಂತ ಇವರು. ಅತ್ತೆಯೋರು ಮಧ್ಯ ಬಂದು ಹುಳಿ ಬಡಿಸಿದ್ರೆ ಅಲ್ಲಿಗೆ ನಿಲ್ಲೋದು.

ಆ ಸುಳ್ಳಿನ ವಿಷಯಾನೂ ಮಗಳು ಈಗ ಬಿಡಿಸಿ ಹೇಳಿದಳು. ಹಳೇ ಕಾಲದಲ್ಲಿ ಎಷ್ಟೋ ಕಡೆ ಇಂಜಿನ್ನನ್ನ ಬರಿಗೈಲಿ ಅಳೆಯೋರಂತೆ. ಫ್ಯಾನಿಲ್ಲ, ಏರ್ ಫಿಲ್ಟರ್ ಇಲ್ಲ, ಸೈಲೆನ್ಸರ್ ಇಲ್ಲ, ಯಾವ ಹೊರೆಯೂ ಇಲ್ಲದೆ. ಅದು ಗ್ರಾಸ್. ಎಲ್ಲಾ ತಗುಲಿಸಿ ಅಳೆದ್ರೆ ನೆಟ್, ಅದು ಕಮ್ಮಿ ಬರುತ್ತೆ. ಹಲಸಿನ ಹಣ್ಣು ಇಡಿಯಾಗಿ ತೂಗೋದಕ್ಕೂ ತೊಳೆ ಬಿಡಿಸಿ ತೂಗೋದಕ್ಕೂ ಇರೋ ವ್ಯತ್ಯಾಸ. ಒಂದೇ ಇಂಜಿನ್ನಿಗೆ ಎರಡು ಅಂಕಿ, ಎರಡೂ ನಿಜ. ಒಬ್ಬರು ಇಡೀ ಹಣ್ಣಿನ ಲೆಕ್ಕ ಹೇಳ್ತಿದ್ರೋ ಏನೋ, ಇನ್ನೊಬ್ಬರು ತೊಳೆ ಲೆಕ್ಕ. ಸುಮ್ಮನೆ ಕಿತ್ತಾಡಿದ್ರು.

ಜಗಳ ಮುಗಿದಿದ್ದು ಆ ವರ್ಷ ಡಿಸೆಂಬರ್ ರಜದಲ್ಲಿ. ಎರಡೂ ಕಾರಲ್ಲಿ ನಂದಿ ಬೆಟ್ಟಕ್ಕೆ ಹೊರಟ್ವಿ. ಹೆಬ್ಬಾಳ, ದೇವನಹಳ್ಳಿ ತನಕ ಫಿಯಟ್ಟೇ ಮುಂದೆ. ಬೆಟ್ಟದ ತಿರುವುಗಳು ಶುರುವಾದ ಮೇಲೆ ನಾವು ಅವರನ್ನ ದಾಟಿದ್ವಿ. ಇವರು ಹಾರನ್ ಬೇರೆ ಹೊಡೆದ್ರು. ಮೇಲೆ ಹೋಗಿ ಕಾಲು ಗಂಟೆ ಕಾದ್ರೂ ಅವರು ಬರಲಿಲ್ಲ. ವಾಪಸ್ ಇಳಿದು ನೋಡಿದ್ರೆ ಒಂದು ತಿರುವಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ಫಿಯಟ್ ನಿಂತಿದೆ, ಬಾನೆಟ್ಟಿಂದ ಹಬೆ ಏಳ್ತಾ ಇದೆ, ಮಾವನೋರು ಕೈಲಿ ನೀರಿನ ಕ್ಯಾನ್ ಹಿಡ್ಕೊಂಡು ನಿಂತಿದಾರೆ. ಇವರು ಕಾರಿಂದ ಇಳೀತಾನೇ "ಏನಪ್ಪ, ನಿಮ್ಮ ಕುದುರೆಗಳಿಗೆ ಬಾಯಾರಿಕೆನಾ?" ಅಂದುಬಿಟ್ರು. ಮಕ್ಕಳೆಲ್ಲಾ ನಕ್ಕರು. ನಾದಿನಿಯರೂ ನಕ್ಕರು. ಮಾವನೋರು ಮಾತಾಡಲಿಲ್ಲ.

ಯುಗಾದಿ ಹೊತ್ತಿಗೆ ಫಿಯಟ್ ಮಾರಿಬಿಟ್ರು, ಬಂದಷ್ಟಕ್ಕೆ. ಆಮೇಲೆ ಜಯನಗರ ಫೋರ್ತ್ ಬ್ಲಾಕಿಗೆ ಹೋಗೋಕೂ ಆಟೋ ಹಿಡಿಯೋರು. ನಮ್ಮ ಕಾರಲ್ಲಿ ಕೂತ್ರೆ ಹಿಂದೆ ಕೂರೋರು, ಕಿಟಕಿ ಕಡೆ ಮುಖ ಮಾಡ್ಕೊಂಡು.

ಈಗ ನಾನು ಯಾರಿಗೂ ಹೇಳದ ಮಾತು. ಅವತ್ತು ಬೆಳಿಗ್ಗೆ ಯಾರು ಯಾವ ಕಾರಲ್ಲಿ ಅಂತ ಹಂಚಿದವಳು ನಾನು. ಅತ್ತೆಯೋರು, ನಾದಿನಿಯರಿಬ್ಬರು, ಮೈಸೂರಿಂದ ಬಂದಿದ್ದ ಚಿಕ್ಕತ್ತೆ, ಎರಡು ಮಕ್ಕಳು, ಎಲ್ಲರೂ ಫಿಯಟ್ಟಿಗೆ. ಬಿಸಿಬೇಳೆ ಬಾತಿನ ದಬರಿ, ಮೊಸರನ್ನದ ಡಬ್ಬಿ, ನೀರಿನ ಕ್ಯಾನು, ಜಮಖಾನ, ಅವೂ ಫಿಯಟ್ ಡಿಕ್ಕಿಗೆ. "ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿಲ್ಲ, ಎಣ್ಣೆ ಚೆಲ್ಲುತ್ತೆ" ಅಂದೆ. ಅದು ನೆಪ. ಮದುವೆಯಾಗಿ ಆರು ವರ್ಷ ಆದ್ರೂ ನಾವು ಗಂಡ ಹೆಂಡ್ತಿ ಮಗು ಮೂರೇ ಜನ ಎಲ್ಲಿಗೂ ಹೋಗಿರಲಿಲ್ಲ. ಎರಡು ಗಂಟೆ ಹಾಗೆ ಹೋಗೋಣ ಅಂತ ಆಸೆ. ಅಷ್ಟೇ ನನ್ನ ಮನಸ್ಸಲ್ಲಿದ್ದಿದ್ದು.

ಮೊನ್ನೆ ರಾತ್ರಿ ಮಗಳ ಕೈಲಿ ಲೆಕ್ಕ ಹಾಕಿಸಿದೆ. ಫಿಯಟ್ ಬರೀ ಗಾಡಿ ಸುಮಾರು 895 ಕೇಜಿ, ಮಾರುತಿ ಸುಮಾರು 650. ಫಿಯಟ್ಟಿಗೆ ನಾನು ಹೇರಿದ್ದು ಜನ ಪಾತ್ರೆ ಸೇರಿ ಏನಿಲ್ಲಾ ಅಂದ್ರೂ 390. ನಮ್ಮ ಕಾರಲ್ಲಿ ಮೂರು ಜನ, 140. ಹಾಗಾದ್ರೆ ಫಿಯಟ್ಟಿನ ಒಂದೊಂದು ಕುದುರೆ ಎಳೆದಿದ್ದು 32 ಕೇಜಿ. ನಮ್ಮದು 21. ಸರಿ, ಅದಲು ಬದಲು ಮಾಡಿ ನೋಡು ಅಂದೆ. ನಾವು ಮೂರು ಜನ ಫಿಯಟ್ಟಲ್ಲಿ, ಆ ದಂಡೆಲ್ಲಾ ಮಾರುತೀಲಿ (ಹಿಡಿಸ್ತಾನೂ ಇರಲಿಲ್ಲ ಅನ್ನಿ). ಫಿಯಟ್ಟಿಗೆ 26, ಮಾರುತಿಗೆ 28. ಫಿಯಟ್ಟೇ ಮುಂದೆ!

ಅದೂ ಅಲ್ಲದೆ ಆ ಮೂವತ್ತೇಳು, ನಲವತ್ತು ಅನ್ನೋದು ಇಂಜಿನ್ ಜೋರಾಗಿ ಕಿರುಚೋವಾಗ ಮಾತ್ರ ಸಿಗೋ ಶಕ್ತಿಯಂತೆ, ಮಿಕ್ಸೀನ ಮೂರನೇ ನಂಬರಿಗೆ ಇಟ್ಟ ಹಾಗೆ. ನಿಧಾನಕ್ಕೆ ತಿರುಗುತ್ತಾ ಭಾರ ಎಳೆಯೋ ಬಲ ಬೇರೆ, ಅದು ಟಾರ್ಕ್. ಗ್ರೈಂಡರ್ ಕಲ್ಲು ನಿಧಾನ ಸುತ್ತಿದ್ರೂ ಉದ್ದಿನ ಬೇಳೆ ನುಣ್ಣಗೆ ಮಾಡಲ್ವಾ, ಹಾಗೆ. ಫಿಯಟ್ಟಿಗೆ ಆ ಬಲ ಮಾರುತಿಗಿಂತ ಜಾಸ್ತೀನೇ ಇತ್ತು.

ಇನ್ನೊಂದು, ಎತ್ತರ. ನಮ್ಮ ಬೆಂಗಳೂರೇ ಸಮುದ್ರಕ್ಕಿಂತ 900 ಮೀಟರ್ ಮೇಲಿದೆ, ನಂದಿ ಬೆಟ್ಟ 1478. ಮೇಲೆ ಹೋದಷ್ಟೂ ಗಾಳಿ ತೆಳು, ಹಳೇ ಇಂಜಿನ್ನುಗಳಿಗೆ ಬೆಂಗಳೂರಲ್ಲೇ ನೂರಕ್ಕೆ ಹತ್ತರ ಹತ್ತಿರ ಶಕ್ತಿ ಹೋಗಿರುತ್ತೆ. ಮಂಗಳೂರಿನ ನನ್ನ ಗೆಳತಿ ಇಲ್ಲಿ ಬಂದಾಗೆಲ್ಲಾ "ನಿಮ್ಮಲ್ಲಿ ಕುಕ್ಕರಿಲ್ದೆ ಬೇಳೆ ಬೇಯೋದೇ ಇಲ್ಲ" ಅಂತಾಳೆ, ಅದೂ ಇದೇ ತೆಳು ಗಾಳಿ ಕೆಲಸ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತೆ. ಆದ್ರೆ ಅದು ಎರಡು ಕಾರಿಗೂ ಒಂದೇ. ಮಾವನೋರನ್ನ ನಿಲ್ಲಿಸಿದ್ದು ಗಾಳಿ ಅಲ್ಲ, ನನ್ನ ದಬರಿ.

ಮಾವನೋರು ಹೋಗಿ ಹನ್ನೊಂದು ವರ್ಷ ಆಯ್ತು. ನಾದಿನಿಯರಿಬ್ಬರೂ ಇದನ್ನ ಓದ್ತೀರಿ, ಗೊತ್ತು. ಅವತ್ತು ನಿಮ್ಮನ್ನ ಅಲ್ಲಿ ತುರುಕಿದ್ದು ಜಾಗ ಇದೆ ಅಂತಲ್ಲ ಕಣ್ರೇ. ಬೈಯೋದಿದ್ರೆ ಫೋನ್ ಮಾಡಿ ಬೈದುಬಿಡಿ.

ನಮ್ಮನೆಯವರಿಗೆ ಲೆಕ್ಕದ ಚೀಟಿ ತೋರಿಸ್ದೆ. ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ್ರು.

"ಪಾತ್ರೆ ತೂಕ ಸೇರಿಸಿದ್ಯಾ?"

"ಸೇರಿಸಿದೀನಿ."

"ಚಿಕ್ಕತ್ತೆಗೆ ಎಷ್ಟು ಹಾಕಿದ್ದೀಯ?"

"ಎಪ್ಪತ್ತು."

"ಎಂಬತ್ತು ಹಾಕು" ಅಂದು ಚೀಟಿ ಮಡಚಿ ಜೇಬಿಗೆ ಇಟ್ಕೊಂಡ್ರು. ಸ್ವಲ್ಪ ಹೊತ್ತು ಬಿಟ್ಟು, "ಆ ಬಾಯಾರಿಕೆ ಮಾತು ನಾನು ಆಡಬಾರದಿತ್ತು ಕಣೆ" ಅಂದ್ರು.

ಮಾರನೇ ದಿನ ಪ್ಲಂಬರ್ ಬಂದ. ಒಂದು ಹೆಚ್‌ಪಿನೇ ಹಾಕಿಸಿದ್ವಿ. ನಮ್ಮದು ಮೂರಂತಸ್ತಲ್ವಾ, ನೀರು ಹತ್ತಬೇಕು.