ತೊರವಿ ದಾರಿಯ ತಾಳ

ತಾಳ ಹಾಕುವ ಚಟ ನನಗೆ ಹತ್ತಿದ್ದು ಬಬಲೇಶ್ವರದ ಸೋದರಮಾವನ ಮನೆಯಲ್ಲಿ. ಮೊಹರಂ ಬಂದರೆ ಹಲಗಿಯವರು ಬೆಂಕಿಯ ಮುಂದೆ ಕೂತು ಚರ್ಮ ಕಾಯಿಸುತ್ತಿದ್ದರು. ಬೆರಳಿನಿಂದ ತಟ್ಟುವುದು, ಕಿವಿಗೊಡುವುದು, ಮತ್ತೆ ಬೆಂಕಿಗೆ ಹಿಡಿಯುವುದು. ದನಿ ಬಿಗಿಯಾಗುವವರೆಗೆ ಒಬ್ಬರೂ ಏಳುತ್ತಿರಲಿಲ್ಲ. ಆ ಹಲಗಿಯನ್ನು ನನ್ನ ಕೈಗೆ ಯಾರೂ ಕೊಡಲಿಲ್ಲ. ಹೀಗಾಗಿ ನನ್ನ ಪಾಲಿನ ವಾದ್ಯ ಇವತ್ತಿಗೂ ಬಸ್ಸಿನ ಸೀಟಿನ ಸರಳೇ. ಟಿಕೋಟಾ ಬಸ್ಸಿನ ಕಂಡಕ್ಟರ್ ಒಮ್ಮೆ, “ಸರ, ಕಚೇರಿ ಆಮ್ಯಾಲ ನಡಸ್ರಿ, ಮೊದಲ ಟಿಕೆಟ್ ತಗೋರಿ” ಅಂದಿದ್ದ.

ಈಚೆಗೆ ಆ ಸರಳಿಗೆ ಹೊಸ ತಾಳ ಬಂದಿದೆ. ಮಗ ಮೊಬೈಲಿಗೆ ಹಾಕಿಕೊಟ್ಟ ಜಾಝ್, ಡ್ರಮ್ ನುಡಿಸಿದವರು ದಕ್ಷಿಣ ಆಫ್ರಿಕಾದ ಲೂಯಿಸ್ ಮೊಹೊಲೊ. ಕರಿಯರೂ ಬಿಳಿಯರೂ ಕೂಡಿ ನುಡಿಸುವುದಕ್ಕೆ ಸರ್ಕಾರವೇ ಅಡ್ಡಬರುತ್ತಿದ್ದ ಕಾಲದಲ್ಲಿ ಅವರ ‘ಬ್ಲೂ ನೋಟ್ಸ್’ ತಂಡದಲ್ಲಿ ಇಬ್ಬರೂ ಇದ್ದರು. 1964ರಲ್ಲಿ ಫ್ರಾನ್ಸಿನ ಉತ್ಸವಕ್ಕೆ ಹೊರಟ ತಂಡ ಪರದೇಶದಲ್ಲೇ ಉಳಿಯಿತು. ಲಂಡನ್ನಿನಲ್ಲಿ ಬಾಳು ಕಟ್ಟಿಕೊಂಡ ಮೊಹೊಲೊ ತಾಯ್ನಾಡಿಗೆ ಮರಳಿ ನೆಲೆಸಿದ್ದು 2005ರಲ್ಲಿ.

ಅವರ ಡ್ರಮ್ ಕಿವಿಯಲ್ಲಿರುವಾಗಲೇ ಬಸ್ಸು ತೊರವಿ ದಾಟುತ್ತದೆ. ವಿಜಯಪುರದ ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ನವರಸಪುರ ಕಟ್ಟಲು ತೊಡಗಿದ್ದು ಇಲ್ಲಿಯೇ. ತನ್ನ ತಂಬೂರಿಗೆ ಮೋತಿಖಾನ್ ಎಂದು ಹೆಸರಿಟ್ಟ ದೊರೆ ಆತ. ಅವನಿನ್ನೂ ಹುಡುಗನಾಗಿದ್ದಾಗ ರಾಜ್ಯದ ಲಗಾಮು ಹಿಡಿದವರು ಆಫ್ರಿಕಾದಿಂದ ಬಂದ ಹಬ್ಶಿಗಳು. ಅವರಲ್ಲಿ ದಿಲಾವರಖಾನನ ದರ್ಬಾರು 1590ರವರೆಗೂ ನಡೆಯಿತು. 1624ರಲ್ಲಿ ನವರಸಪುರವನ್ನು ಹಾಳುಗೆಡವಿದವನೂ ಹಬ್ಶಿಯೇ, ಅಹಮದನಗರದ ಮಲಿಕ್ ಅಂಬರ್. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಕೈಯಿಂದ ಕೈಗೆ ಮಾರಾಟವಾಗಿ, ಬಾಗ್ದಾದ್ ಕಂಡು ದಖ್ಖನಿಗೆ ಬಂದವನು. ಒಂದು ಕಾಲಕ್ಕೆ ವಿಜಯಪುರದ ಉಪ್ಪನ್ನೂ ಉಂಡಿದ್ದ!

ಗೋಳಗುಮ್ಮಟ ಕಟ್ಟಿಸಿದ ಮುಹಮ್ಮದ ಆದಿಲಶಾಹನ ಮಂತ್ರಿ ಇಖ್ಲಾಸಖಾನನೂ ಹಬ್ಶಿ. ಆಗಿನ ಒಂದು ಚಿತ್ರದಲ್ಲಿ ದೊರೆ ಆನೆಯ ಮೇಲಿದ್ದಾನೆ. ಅದೇ ಆನೆಯ ಮೇಲೆ, ದೊರೆಯ ಬೆನ್ನಿಗೇ ಇಖ್ಲಾಸಖಾನ್ ಕೂತಿದ್ದಾನೆ. ಹಬ್ಶಿಯ ಭಾಗ್ಯಕ್ಕೆ ಬೇರೆ ಸಾಕ್ಷಿ ಬೇಡ. ಆದರೆ ಕುರ್ಚಿ ಏರಿದ ಇವರ ಊರಿನ ತಾಳ ಯಾವುದು? ವಿಜಯಪುರದ ಕಲ್ಲುಗಳಲ್ಲಿ ಅದಕ್ಕೆ ಉತ್ತರ ಸಿಗುವುದಿಲ್ಲ. ಗುಮ್ಮಟದ ಮುಂದಿನ ನಗಾರಖಾನೆ ಮೊಳಗಿದ್ದು ದೊರೆಯ ಹೆಸರಿಗೆ. ಈಗ ಅದು ವಸ್ತುಸಂಗ್ರಹಾಲಯ.

ತಾಳ ಕೇಳಬೇಕೆಂದರೆ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆಗೆ ಹೋಗಬೇಕು. ಗೋವೆಯ ಪೋರ್ಚುಗೀಸರ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಕಾಡು ಸೇರಿದ ಹಲವರ ಸಂತತಿಯಾದ ಸಿದ್ದಿಗಳು ಅಲ್ಲಿ ಇಂದಿಗೂ ಡಮಾಮಿ ಬಾರಿಸಿ ಕುಣಿಯುತ್ತಾರೆ. ಅವರ ಹೆಸರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆನೆ ಏರಿದವರಿಗೆ ಉಳಿಸಲಾಗದ ತಾಳವನ್ನು ಅಡವಿ ಸೇರಿದವರು ಉಳಿಸಿಕೊಂಡರು.

ನೆಂಟರು ಬಂದರೆ ಗೋಳಗುಮ್ಮಟಕ್ಕೆ ಕರೆದೊಯ್ದು, ಚಪ್ಪಾಳೆ ತಟ್ಟಿಸಿ, ಮಾರ್ದನಿ ಎಣಿಸಿ ಕಳಿಸುತ್ತೇವೆ. ಮುಂದಿನ ಸಲ ಇಖ್ಲಾಸಖಾನನ ಕಥೆಯನ್ನೂ ಹೇಳಿ. ಈ ಊರು ಕಟ್ಟುವಲ್ಲಿ ಆಫ್ರಿಕಾದ ಕೈಯೂ ಇದೆಯೆಂದು ನಮ್ಮ ಮಕ್ಕಳಿಗೆ ತಿಳಿಯಲಿ.