ನಡುವೆ ಒಂದು ಬಳೆ

ಕಾರ್ಕಳದ ನಮ್ಮ ಮನೆಯ ಚಾವಡಿಯಲ್ಲಿ ತಂದೆಯವರ ಫೋಟೋ ಒಂದು ತೂಗುತ್ತಿದೆ. ಸರಿಯಾಗಿ ನೋಡಿದರೆ ಅವರ ಎಡಹೆಗಲ ಬಳಿ ಇನ್ನೊಬ್ಬರ ಕಿವಿ ಕಾಣುತ್ತದೆ. ಅವರು ತೀರಿಕೊಂಡಾಗ ಒಬ್ಬರೇ ಇರುವ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ಯಾರದೋ ಮದುವೆಯ ಗ್ರೂಪ್ ಫೋಟೋದಿಂದ ಕತ್ತರಿಸಿ, ದೊಡ್ಡದು ಮಾಡಿಸಿ ಮಾಲೆ ಹಾಕಿದೆವು. ಕಿವಿ ಯಾರದೆಂದು ಇಂದಿಗೂ ಪತ್ತೆಯಾಗಿಲ್ಲ. ವರ್ಷಕ್ಕೊಮ್ಮೆ ತಿಥಿಯ ದಿನ ಅದಕ್ಕೂ ನಮ್ಮ ನಮಸ್ಕಾರ ಸಲ್ಲುತ್ತದೆ.

ಅಮ್ಮನ ವಿಷಯದಲ್ಲಿ ಹೀಗಾಗಬಾರದೆಂದು ಬಹಳ ದಿನಗಳಿಂದ ಮನಸ್ಸಿನಲ್ಲಿತ್ತು. ಅವರಿಗೀಗ 84. ಮೊಮ್ಮಕ್ಕಳ ಮೊಬೈಲುಗಳಲ್ಲಿ ಅವರ ನೂರಾರು ಚಿತ್ರಗಳಿವೆ. ಒಂದರಲ್ಲಿ ಬಾಯಿ ತೆರೆದಿದೆ, ಇನ್ನೊಂದರಲ್ಲಿ ಕಣ್ಣು ಮುಚ್ಚಿದೆ. ಪೊರೆಯ ಆಪರೇಶನ್ ಆದ ಕಣ್ಣು, ಫ್ಲಾಶ್ ಹೊಡೆದರೆ ಸಹಿಸುವುದಿಲ್ಲ. ಕಾಪುವಿನಲ್ಲಿ ಸ್ಟುಡಿಯೋ ಇಟ್ಟಿರುವ ನನ್ನ ಹಳೆಯ ವಿದ್ಯಾರ್ಥಿಯಲ್ಲಿ ಇದನ್ನು ಹೇಳಿದೆ.

"ಸಾಫ್ಟ್‌ಬಾಕ್ಸ್ ಹಾಕಿದರೆ ಆಯ್ತು ಸರ್. ಬಾಕ್ಸೂ ಉಂಟು, ಅಪ್ಪನ ಕಾಲದ ಫ್ಲಾಶೂ ಉಂಟು. ಆದರೆ ಒಂದು ಇನ್ನೊಂದಕ್ಕೆ ಕೂತುಕೊಳ್ಳುವುದಿಲ್ಲ" ಎಂದ. ಮೊಬೈಲ್ ಬಂದ ಮೇಲೆ ಸ್ಟುಡಿಯೋದ ವ್ಯಾಪಾರ ಅಷ್ಟಕ್ಕಷ್ಟೆ. ಅಪ್ಪನ ಎರಡು ಫ್ಲಾಶುಗಳನ್ನು ಗುಜರಿಗೆ ಹಾಕುವ ಯೋಚನೆಯಲ್ಲಿದ್ದ.

ಸಾಫ್ಟ್‌ಬಾಕ್ಸ್ ಎಂದರೆ ನಾಲ್ಕು ಕಡ್ಡಿಗಳ ಮೇಲೆ ಬಿಗಿದ ಬಟ್ಟೆಯ ಪೆಟ್ಟಿಗೆ. ಹೊರಗೆ ಕಪ್ಪು, ಒಳಗೆ ಬೆಳ್ಳಿಬಣ್ಣ, ಮುಂದೆ ಬಿಳಿ ಪರದೆ. ಕಾಪುವಿನಲ್ಲಿ 1901ರಲ್ಲಿ ಕಟ್ಟಿದ ದೀಪಸ್ತಂಭದ ಕೆಲಸ ಬೆಳಕನ್ನು ಒಟ್ಟುಗೂಡಿಸಿ ದೂರದ ಹಡಗಿಗೆ ಎಸೆಯುವುದು. ಈ ಪೆಟ್ಟಿಗೆಯ ಕೆಲಸ ತದ್ವಿರುದ್ಧ, ಬೆಳಕನ್ನು ಹರಡಿ ಹತ್ತಿರದ ಮುಖಕ್ಕೆ ಸವರುವುದು. ಸೂರ್ಯ ಎಷ್ಟೇ ದೊಡ್ಡವನಾದರೂ 15 ಕೋಟಿ ಕಿಲೋಮೀಟರ್ ದೂರದಿಂದ ನಮಗೆ ಕಾಣುವುದು ಅರ್ಧ ಡಿಗ್ರಿಯಷ್ಟು ಮಾತ್ರ. ಆದ್ದರಿಂದಲೇ ಏಪ್ರಿಲ್ ಬಿಸಿಲಿನ ನೆರಳು ಕತ್ತರಿಸಿಟ್ಟಂತೆ ಇರುತ್ತದೆ. ಆಟಿ ತಿಂಗಳಲ್ಲಿ ಮೋಡ ಕವಿದಾಗ ಇಡೀ ಆಕಾಶವೇ ದೀಪವಾಗುತ್ತದೆ, ನೆರಳೇ ಇಲ್ಲ. ಸಾಫ್ಟ್‌ಬಾಕ್ಸ್ ಎಂದರೆ ಕೋಣೆಯೊಳಗಿನ ಆಟಿಯ ಆಕಾಶವೆನ್ನಬಹುದು. ಅದು ಮುಖಕ್ಕೆ ಹತ್ತಿರವಾದಷ್ಟೂ ದೊಡ್ಡದಾಗಿ ಕಾಣುತ್ತದೆ, ಬೆಳಕು ಮೃದುವಾಗುತ್ತದೆ.

ತೊಂದರೆ ಇರುವುದು ಜೋಡಣೆಯಲ್ಲಿ. ಒಂದೊಂದು ಕಂಪನಿಯ ಫ್ಲಾಶಿನ ಬಾಯಿ ಒಂದೊಂದು ಬಗೆ. ಬೋವೆನ್ಸ್ ಎಂಬ ಬ್ರಿಟಿಷ್ ಕಂಪನಿಯದು ಮೂರು ಹಲ್ಲು, ಒತ್ತಿ ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಎಲಿಂಕ್ರೋಮ್‌ನದೂ ಮೂರು ಹಲ್ಲೇ, ಆದರೆ ಅಳತೆ ಬೇರೆ. ಪ್ರೊಫೋಟೋದವರದು ಕೊಳವೆಯ ಮೇಲೆ ಜಾರಿಸಿ ಬಿಗಿಯುವ ಕ್ರಮ. ಮನೆಯ ಬಲ್ಬುಗಳಲ್ಲಿ ಎರಡು ಮೊಳೆಯದು, ತಿರುಪಿನದು ಎಂದು ಎರಡು ಜಾತಿ ಇರುವಂತೆಯೇ ಇದು. ಬೋವೆನ್ಸ್ ಕಂಪನಿ 2017ರಲ್ಲಿ ಮುಚ್ಚಿಹೋಯಿತು. ಆದರೆ ಅದರ ಮೂರು ಹಲ್ಲನ್ನು ಬೇರೆ ಎಷ್ಟೋ ಕಂಪನಿಗಳು ಇಂದಿಗೂ ತಯಾರಿಸುತ್ತಿವೆ. ತಯಾರಕ ಹೋದರೂ ಅಳತೆ ಉಳಿಯಿತು. ಹುಡುಗನ ಹೊಸ ಪೆಟ್ಟಿಗೆ ಈ ಜಾತಿಯದು. ಅಪ್ಪನ ಫ್ಲಾಶ್ ಬೇರೆ ಯಾವುದೋ ಜಾತಿಯದು, ಬಿಡಿಭಾಗ ಎಲ್ಲಿಯೂ ಸಿಗದು.

"ಅದಕ್ಕೆಂತ ದೊಡ್ಡ ವಿಷಯ?" ಎಂದು ಬಿ.ಎಸ್ಸಿ., ಬಿ.ಎಡ್. ಆದ ನಾನು ಮುಂದೆ ಬಂದೆ. ತಗಡಿನ ಪಟ್ಟಿ, ತಂತಿ, ಅರ್ಧ ಸುರುಳಿ ಇನ್ಸುಲೇಶನ್ ಟೇಪು. ಅರ್ಧ ಗಂಟೆಯಲ್ಲಿ ಪೆಟ್ಟಿಗೆ ನಿಂತಿತು. ಹುಡುಗ ಚಾ ತರಿಸಿದ. ಚಾ ಕುಡಿಯುತ್ತಿದ್ದಂತೆ ಪೆಟ್ಟಿಗೆ ಮುಂದಕ್ಕೆ ಬಾಗಿ ಫ್ಲಾಶನ್ನೂ ಸ್ಟ್ಯಾಂಡನ್ನೂ ಎಳೆದುಕೊಂಡು ಸ್ಟೂಲಿನ ಮೇಲೆ ಬಿತ್ತು. ಐದು ನಿಮಿಷದ ಹಿಂದೆ ಪಾಸ್‌ಪೋರ್ಟ್ ಫೋಟೋಕ್ಕೆಂದು ಬಂದ ಮಗುವೊಂದು ಅದೇ ಸ್ಟೂಲಿನಲ್ಲಿ ಕುಳಿತಿತ್ತು. ನನ್ನ ಕೈಯ ಚಾ ಅಲ್ಲಿಯೇ ತಣ್ಣಗಾಯಿತು.

ಇಪ್ಪತ್ತೆಂಟು ವರ್ಷ ಕರಿಹಲಗೆಯ ಮೇಲೆ ಬಲ, ದೂರ, ತಿರುಗುಬಲ ಎಂದು ಬರೆದವನು ನಾನು. ಕೊಡಪಾನವನ್ನು ಹೆಂಗಸರು ಸೊಂಟದಲ್ಲಿಯೇ ಏಕೆ ಇಟ್ಟುಕೊಳ್ಳುತ್ತಾರೆ, ಕೈ ಚಾಚಿ ಏಕೆ ಹಿಡಿಯುವುದಿಲ್ಲ ಎಂದು ಪ್ರತಿ ವರ್ಷ ಮಕ್ಕಳನ್ನು ಕೇಳುತ್ತೇನೆ. ಒಂದೂವರೆ ಕಿಲೋ ಪೆಟ್ಟಿಗೆಯ ಭಾರ ಬಾಯಿಯಿಂದ 30 ಸೆಂಟಿಮೀಟರ್ ಮುಂದೆ ತೂಗಿದರೆ, 5 ಸೆಂಟಿಮೀಟರಿನಲ್ಲಿ ತೂಗುವುದಕ್ಕಿಂತ ಆರು ಪಟ್ಟು ಹೆಚ್ಚು ಜಗ್ಗುತ್ತದೆ. ನನ್ನದೇ ಲೆಕ್ಕ ನನಗೇ ಬೇಡವಾಗಿತ್ತು.

ಮರುವಾರ ಶಾಲೆಯ ಲ್ಯಾಬಿನ ವರ್ನಿಯರ್ ಕ್ಯಾಲಿಪರ್ಸನ್ನು ರಿಜಿಸ್ಟರಿನಲ್ಲಿ ಬರೆದಿಟ್ಟು ಎರವಲು ತೆಗೆದುಕೊಂಡು, ಎಲ್ಲವನ್ನೂ ಹೊತ್ತು ಮಣಿಪಾಲಕ್ಕೆ ಹೋದೆವು. ಶಿವಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಪರಿಚಯದ ಲೇತ್ ಕೆಲಸದವರೊಬ್ಬರಿದ್ದಾರೆ.

"ಫ್ಲಾಶಿನ ಬಾಯಿಯನ್ನು ಸ್ವಲ್ಪ ಕೊರೆಯುವುದಾ ಮಾಷ್ಟ್ರೇ?" ಎಂದರು.

ಅದು ಮಾತ್ರ ಬೇಡವೆಂದೆ. ಫ್ಲಾಶಿನ ಹೊಟ್ಟೆಯಲ್ಲಿರುವ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ನೂರಾರು ವೋಲ್ಟುಗಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಅದನ್ನು ಬಿಚ್ಚುವುದು ಪ್ರಾಣಕ್ಕೆ ಸಂಚಕಾರ.

ಅವರು ಪೆಟ್ಟಿಗೆಯ ಬಳೆಯನ್ನು ತಿರುಗಿಸಿ ತಿರುಗಿಸಿ ನೋಡಿ ನಕ್ಕರು. "ಇದು ಒಂದಲ್ಲ ಮಾಷ್ಟ್ರೇ, ಎರಡು ಬಳೆ." ನಾವಿಬ್ಬರೂ ಗಮನಿಸಿರಲೇ ಇಲ್ಲ. ಹೊರಗಿನ ಬಳೆ ಕಡ್ಡಿಗಳನ್ನು ಹಿಡಿಯುವುದು, ಒಳಗಿನದು ದೀಪಕ್ಕೆ ಕಚ್ಚುವುದು, ನಡುವೆ ಸ್ಕ್ರೂಗಳು. ಒಳಬಳೆ ತೆಗೆದು ಈ ಫ್ಲಾಶಿಗೆ ಹೊಂದುವುದನ್ನು ಕೂರಿಸಿದರಾಯಿತು. ಅದೆಲ್ಲಿಂದ ತರುವುದು? ಹುಡುಗನಿಗೆ ನೆನಪಾಯಿತು: ಅಪ್ಪನ ಫ್ಲಾಶಿನದೇ ನಜ್ಜುಗುಜ್ಜಾದ ರಿಫ್ಲೆಕ್ಟರ್ ಅಟ್ಟದಲ್ಲಿದೆ! ಅದರ ಕೊರಳಿನಲ್ಲಿ ಸರಿಯಾದ ಹಲ್ಲುಗಳಿದ್ದೇ ಇರುತ್ತವೆ.

ಮರುದಿನ ಅದನ್ನು ಕೊಂಡುಹೋದೆವು. ಕೊರಳನ್ನು ಕತ್ತರಿಸಿ, 3 ಮಿಲಿಮೀಟರ್ ಅಲ್ಯೂಮಿನಿಯಂ ತಟ್ಟೆಗೆ ಬೋಲ್ಟ್ ಹಾಕಿ, ತಟ್ಟೆಯನ್ನು ಹೊರಬಳೆಗೆ ಬಿಗಿದರು. ಕೇಂದ್ರ ತಪ್ಪಿದರೆ ಬೆಳಕು ಒಂದೇ ಕಡೆ ವಾಲುತ್ತದೆಂದು ನಾನು ವರ್ನಿಯರಿನಲ್ಲಿ ನಾಲ್ಕು ಕಡೆ ಅಳೆದೆ. ಅವರು ಕಣ್ಣಲ್ಲಿ ಹೇಳಿದ ಅಳತೆಯೇ ಬಂತು. ಫ್ಲಾಶಿಗೂ ಗಾಯವಿಲ್ಲ, ಪೆಟ್ಟಿಗೆಗೂ ಗಾಯವಿಲ್ಲ.

ಈ ಸಲ ಅವಸರ ಮಾಡಲಿಲ್ಲ. ಸ್ಟ್ಯಾಂಡಿನ ಕಾಲಿಗೆ ಮರಳಿನ ಚೀಲ ಇಟ್ಟು, ಒಂದು ಇಡೀ ದಿನ ಖಾಲಿ ಕೋಣೆಯಲ್ಲಿ ಹಾಗೆಯೇ ನಿಲ್ಲಿಸಿ ನೋಡಿದೆವು. ಒಳಗಿನ ಮಾಡೆಲಿಂಗ್ ಲ್ಯಾಂಪ್ ಬಟ್ಟೆಯನ್ನು ಕಾಯಿಸದಂತೆ ಆರಿಸಿಯೇ ಇಟ್ಟೆವು. ಆಮೇಲೆ ಕಾರ್ಕಳಕ್ಕೆ ಹೊರಟೆವು. ದಾರಿಯಲ್ಲಿ ಬೆಟ್ಟದ ಮೇಲೆ ಗೊಮ್ಮಟ ಕಂಡ. 1432ರಲ್ಲಿ ನಿಂತವನು, 42 ಅಡಿ, ಒಂದೇ ಕಲ್ಲು. ಅವನಿಗೆ ಜೋಡಣೆಯ ಗೊಡವೆಯೇ ಇಲ್ಲ. ನಮ್ಮಂಥವರ ಬದುಕೋ, ಬರೇ ಜೋಡಣೆ.

ಚಾವಡಿಯಲ್ಲಿ ಪೆಟ್ಟಿಗೆ ಎದ್ದದ್ದನ್ನು ನೋಡಿ ಅಮ್ಮ, "ಎಂತಕ್ಕೆ ಮಗಾ ಈ ಡೇರೆ?" ಎಂದು ಕೇಳಿದರು. ನಾನು ಏನೇನೋ ಹೇಳಿದೆ. ಮುಖದಿಂದ ಮೂರಡಿ ದೂರಕ್ಕೆ ತಂದು ಹುಡುಗ ಗುಂಡಿ ಒತ್ತಿದ. ಅಮ್ಮ ಕಣ್ಣು ಮುಚ್ಚಲಿಲ್ಲ. "ಮಿಂಚಿದ್ದಾ? ನನಗೆ ಗೊತ್ತೇ ಆಗ್ಲಿಲ್ಲ" ಎಂದರು. ಹುಡುಗ ಹಿಂದಿನಿಂದ ಬಂದು ಅಪ್ಪನ ಫ್ಲಾಶಿನ ಬೆನ್ನು ಸವರಿದ್ದನ್ನು ನಾನು ಕಂಡೂ ಕಾಣದವನಂತಿದ್ದೆ.

ಚೌಕಟ್ಟು ಹಾಕಿಸಿ ತಂದ ಫೋಟೋವನ್ನು ಕಪಾಟಿನಲ್ಲಿಡಲು ಹೊರಟೆ. ಅಮ್ಮ ತಡೆದರು. "ಯಾತಕ್ಕೆ ತೆಗೆಸಿದ್ದೆಂದು ನನಗೆ ಗೊತ್ತಿಲ್ವಾ? ಗೋಡೆಗೆ ಹಾಕುವುದಾದರೆ ಈಗಲೇ ಹಾಕು. ನಾನೂ ನಾಲ್ಕು ದಿನ ನೋಡ್ತೇನೆ."

ಮೊಳೆ ಹೊಡೆದೆ. ಈಗ ಇಬ್ಬರೂ ಅಕ್ಕಪಕ್ಕ ಇದ್ದಾರೆ, ನಡುವೆ ಆ ಕಿವಿ.